ರಬ್ಬರ್ ಇಲ್ಲದ ಪೆನ್ಸಿಲ್

ಅಕ್ಟೋಬರ್ ಹದಿನೇಳು, ಶನಿವಾರ. ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚೂಟಿ ಅಳತೆಕೋಲನ್ನು ನೋಡುತ್ತಿರಬೇಕಿತ್ತು. ಸರಿಯಾಗಿ ಆ ಹೊತ್ತಿಗೆ ಅವಳು ಕೋಲಿಗೆ ಬೆನ್ನು ಹಾಕಿ ನಿಂತು ಜಗಳ ಆಡುತ್ತಿದ್ದಳು.

“ಒಂದೋ ಚಂದ್ರ, ಇಲ್ಲ ದೇವರು. ಎರಡರಲ್ಲಿ ಒಂದು ಹೇಳು,” ಎಂದ ಸೋಡಾಬುಡ್ಡಿ.

“ಎರಡೂ.”

“ಎರಡೂ ಅನ್ನೋ ಆಪ್ಶನ್ ಇಲ್ಲ.”

“ಯಾಕಿಲ್ಲ? ಪೇಪರ್ ನೀನು ಸೆಟ್ ಮಾಡಿದ್ಯಾ?”

ಸೋಡಾಬುಡ್ಡಿ ಚೂಟಿಯ ಕ್ಲಾಸಿನವನೇ. ಕನ್ನಡಕ ದಪ್ಪ, ಸೈನ್ಸಿನಲ್ಲಿ ಯಾವಾಗಲೂ ಫಸ್ಟ್. ಹಿಂದಿನ ದಿನ ಐದನೇ ಕ್ಲಾಸಿನಲ್ಲಿ ಮಿಸ್ ಸಮುದ್ರದ ಉಬ್ಬರ ಇಳಿತದ ಪಾಠ ಮಾಡಿದ್ದರು. ಚಂದ್ರ ನೀರನ್ನು ಎಳೆಯುತ್ತದೆ, ಅದಕ್ಕೇ ನೀರು ಏರುತ್ತದೆ, ಇಳಿಯುತ್ತದೆ ಎಂದಿದ್ದರು. ಚೂಟಿ ಎದ್ದು ನಿಂತು, “ಮಿಸ್, ನಮ್ಮಜ್ಜಿ ದಿನಾ ಅದನ್ನ ಅಳೀತಾರೆ. ಅಳೆಯೋಕೆ ಮುಂಚೆ ಸಮುದ್ರ ಮಾಡಿದವನ ಹತ್ರ ಮಾತಾಡ್ತಾರೆ,” ಎಂದುಬಿಟ್ಟಿದ್ದಳು.

“ಮಾಡಿದವನು ಅಂದ್ರೆ ಯಾರು, ಕಾಂಟ್ರಾಕ್ಟರಾ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಇಡೀ ಕ್ಲಾಸು ನಕ್ಕಿತು. ಚೂಟಿಯ ಕಿವಿ ಸಂಜೆಯವರೆಗೂ ಬಿಸಿಯಾಗಿತ್ತು.

ಅಜ್ಜಿಯ ಕೆಲಸ ಬಂದರಿನ ಜೆಟ್ಟಿಯಲ್ಲಿ. ಜೆಟ್ಟಿಯ ಕಂಬಕ್ಕೆ ಕಪ್ಪು ಬಿಳಿ ಪಟ್ಟೆಗಳ ಒಂದು ಉದ್ದನೆಯ ಅಳತೆಕೋಲನ್ನು ಬಿಗಿದಿದ್ದಾರೆ. ದಿನಕ್ಕೊಮ್ಮೆ, ನೀರು ತುಂಬಾ ಮೇಲೆ ಬಂದ ಹೊತ್ತಿಗೆ, ಅದು ಎಲ್ಲಿಯವರೆಗೆ ಬಂತು ಎಂದು ಅಜ್ಜಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದಾರೆ. ಎರಡು ತಿಂಗಳ ಹಿಂದೆ ಸರ್ವೆ ಇಲಾಖೆಯ ಮೇಡಂ ಬಂದು ಕೋಲಿನ ಪಕ್ಕದಲ್ಲೇ ಒಂದು ಬಿಳಿ ಡಬ್ಬ ಹಾಕಿಸಿದರು. ಅದು ತಾನಾಗಿಯೇ ನೀರನ್ನು ಅಳೆಯುವ ಯಂತ್ರ. ಯಂತ್ರ ಹೇಳುವುದು ಸರಿಯೇ ಎಂದು ತಾಳೆ ನೋಡಲು ಈಗಲೂ ಅಜ್ಜಿಯ ಪುಸ್ತಕ ಬೇಕು.

ಶುಕ್ರವಾರ ಮಧ್ಯಾಹ್ನ ಅಜ್ಜಿ ಜೆಟ್ಟಿಯ ಮೆಟ್ಟಿಲಲ್ಲಿ ಜಾರಿದರು. ಕಾಲು ಉಳುಕಿ ಬೂದುಗುಂಬಳದಷ್ಟು ಊದಿಕೊಂಡಿತು. ಎರಡು ವರ್ಷದಿಂದ ರಜೆ ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದ ಚೂಟಿಗೆ ಮೊದಲ ಸಲ ಪುಸ್ತಕ ಸಿಕ್ಕಿತು. ಸರ್ವೆ ಮೇಡಂ ಕೂಡ ಫೋನಿನಲ್ಲಿ, “ನಿಮ್ಮ ಮೊಮ್ಮಗಳಲ್ವಾ, ಆಗಲಿ ಬಿಡಿ. ಕಾವಲುಗಾರರು ಜೊತೆಗಿರಲಿ,” ಎಂದಿದ್ದರು.

ಕಾವಲುಗಾರ ಮಾಮ ಜೊತೆಗಿದ್ದರು. ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದರು.

“ಸರಿ, ನಿಮ್ಮಜ್ಜಿ ಏನಂತಾರೆ ಅವನ ಹತ್ರ?” ಎಂದು ಸೋಡಾಬುಡ್ಡಿ ಕೇಳಿದ.

“ಏನಿದೆಯೋ ಅದನ್ನೇ ತೋರಿಸು, ಅಂತಾರೆ.”

“ಅಷ್ಟೇನಾ? ಆಮೇಲೆ ನೀರು ಏರುತ್ತಾ?”

“ನೀರು ಹೇಗಿದ್ರೂ ಏರುತ್ತೆ ಕಣೋ.”

“ಮತ್ತೆ ಯಾಕೆ ಕೇಳೋದು?”

ಉತ್ತರ ಹೊಳೆಯದಿದ್ದಾಗ ಚೂಟಿ ದನಿ ಏರಿಸುತ್ತಿದ್ದಳು. ದನಿ ಏರಿಸುತ್ತಾ ಏರಿಸುತ್ತಾ ಒಮ್ಮೆ ಗಡಿಯಾರ ನೋಡಿದಳು. ಹನ್ನೊಂದು ಗಂಟೆ ಎಂಟು ನಿಮಿಷ.

ತಿರುಗಿ ನೋಡಿದಳು. ಕೋಲಿನ ಮೇಲೆ ನೀರಿಗಿಂತ ನಾಲ್ಕು ಬೆರಳು ಎತ್ತರದವರೆಗೆ ಒದ್ದೆ ಗುರುತು ಕಾಣುತ್ತಿತ್ತು. ನೀರು ಆಗಲೇ ಇಳಿಯಲು ಶುರುಮಾಡಿತ್ತು. ಒದ್ದೆಯನ್ನು ನೋಡಿ ಬರೆಯುವ ಹಾಗಿಲ್ಲ, ಸಣ್ಣ ಅಲೆ ಚಿಮ್ಮಿದರೂ ಕೋಲು ಒದ್ದೆಯಾಗುತ್ತದೆ ಎಂದು ಅಜ್ಜಿ ಎಷ್ಟೋ ಸಲ ಹೇಳಿದ್ದರು.

“ಹೊತ್ತು ಮೀರಿಹೋಯ್ತು ಕಣೋ,” ಎಂದು ಚೂಟಿ ಪುಸ್ತಕ ತೆರೆದಳು.

“ಅಯ್ಯೋ, ಇಷ್ಟಕ್ಕಾ?” ಎಂದ ಸೋಡಾಬುಡ್ಡಿ. ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದ ಅಚ್ಚಿನ ಪಟ್ಟಿಯನ್ನು ತೋರಿಸಿದ. ಯಾವ ದಿನ, ಯಾವ ಹೊತ್ತಿಗೆ, ನೀರು ಎಷ್ಟು ಎತ್ತರ ಬರುತ್ತದೆ ಎಂದು ವರ್ಷದ ಮೊದಲೇ ಲೆಕ್ಕ ಹಾಕಿದ ಟೇಬಲ್ ಅದು. “ಇಲ್ಲೇ ಇದೆಯಲ್ಲ, 2.12 ಮೀಟರ್. ಚಂದ್ರನ ಲೆಕ್ಕ ಇದು, ಸೈನ್ಸು. ತಪ್ಪೋಕೆ ಸಾಧ್ಯನೇ ಇಲ್ಲ. ಇದನ್ನೇ ಬರಿ.”

ಪುಸ್ತಕದ ಪ್ರತಿ ಸಾಲಿನಲ್ಲಿ ಐದು ಸಣ್ಣ ಚೌಕದ ಮನೆಗಳು, ಕೊನೆಗೆ ಒಂದು ದೊಡ್ಡ ಮನೆ. ನೀರು ತುಳುಕುತ್ತಲೇ ಇರುವುದರಿಂದ ಐದು ಸಲ ನೋಡಿ ಬರೆದು, ಸರಾಸರಿಯನ್ನು ದೊಡ್ಡ ಮನೆಯಲ್ಲಿ ಬರೆಯಬೇಕು. ಚೂಟಿ ಐದು ಮನೆಗಳಲ್ಲೂ 2.12 ಎಂದು ಬರೆದಳು. ದೊಡ್ಡ ಮನೆಯಲ್ಲೂ 2.12 ಎಂದು ಬರೆದಳು. ಅಕ್ಷರ ದುಂಡಗೆ ಬಂತು.

ಸಂಜೆ ನಾಲ್ಕಕ್ಕೆ ಸರ್ವೆ ಮೇಡಂ ಮನೆಗೆ ಬಂದರು. ಪ್ರತಿ ಶನಿವಾರ ಅಜ್ಜಿಯ ಪುಸ್ತಕ ನೋಡಲು ಬರುವ ಅವರು ಈಗ ಯಂತ್ರದ ಅಳತೆ ಅಚ್ಚಾದ ಕಾಗದವನ್ನೂ ತಂದು ತಾಳೆ ನೋಡುತ್ತಾರೆ. ಅಜ್ಜಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದಲ್ಲಿ ಒರಗಿದ್ದರು.

“ಏನಜ್ಜಿ, ನಿಮ್ಮ ಮಾಡಿದವನು ಮೆಟ್ಟಿಲು ಒಣಗಿಸೋದು ಮರೆತನಾ?” ಎಂದು ಮೇಡಂ ಕೇಳಿದರು.

“ಅವನು ಕಣ್ಣು ಕೊಟ್ಟಿದ್ದ. ನಾನು ನೋಡದೆ ಕಾಲಿಟ್ಟೆ,” ಎಂದರು ಅಜ್ಜಿ. “ನಿನ್ನ ಯಂತ್ರ ಹೇಗಿದೆ? ಅದಕ್ಕಾದ್ರೂ ಕಾಲು ನೆಟ್ಟಗಿದೆಯಾ?”

ಇಬ್ಬರೂ ನಕ್ಕರು. ಮೇಡಂ ದೇವರನ್ನು ನಂಬುವುದಿಲ್ಲ. ಅಜ್ಜಿ ನಂಬುತ್ತಾರೆ. ಹತ್ತು ವರ್ಷದಿಂದ ಈ ಜಗಳ ನಡೆಯುತ್ತಿದೆ, ಪ್ರತಿ ಶನಿವಾರ, ಒಂದು ಲೋಟ ಚಹಾ ಮುಗಿಯುವವರೆಗೆ.

ಆದರೆ ಈ ದಿನ ಚಹಾ ಅರ್ಧವಾಗುವಾಗಲೇ ಮೇಡಂ ಲೋಟ ಕೆಳಗಿಟ್ಟರು. ಕಾಗದ ನೋಡಿದರು, ಪುಸ್ತಕ ನೋಡಿದರು, ಮತ್ತೆ ಕಾಗದ ನೋಡಿದರು.

“ಯಂತ್ರ 2.31 ಅಂತಿದೆ. ಪುಸ್ತಕ 2.12 ಅಂತಿದೆ. ಹತ್ತೊಂಬತ್ತು ಸೆಂಟಿಮೀಟರ್ ವ್ಯತ್ಯಾಸ.” ಅವರ ಮುಖ ಸಪ್ಪಗಾಗಿತ್ತು. “ದೂರದಲ್ಲಿ ಗಾಳಿ ಎದ್ದಿದೆ. ಅಂಥ ಹೊತ್ತಿನಲ್ಲಿ ನೀರು ಟೇಬಲ್‌ಗಿಂತ ಜಾಸ್ತಿ ಏರುತ್ತೆ, ಅದಕ್ಕೇ ಯಂತ್ರ ಹಾಗೆ ತೋರಿಸ್ತಿದೆ ಅಂದುಕೊಂಡಿದ್ದೆ. ಆದರೆ ನಿಮ್ಮ ಪುಸ್ತಕ ಹಾಗಿಲ್ಲ ಅಂತಿದೆಯಲ್ಲ. ಹಾಗಾದ್ರೆ ಯಂತ್ರನೇ ಕೆಟ್ಟಿದೆ. ಸೋಮವಾರ ಬಿಚ್ಚಿಸಿ ಕಳಿಸ್ತೀನಿ. ಎರಡು ತಿಂಗಳ ಅಳತೆ ಎಲ್ಲ ಕಸದ ಬುಟ್ಟಿಗೆ.”

“ಪುಸ್ತಕವೇ ತಪ್ಪಿರಬಹುದಲ್ಲ?” ಎಂದರು ಅಜ್ಜಿ.

“ನಿಮ್ಮ ಪುಸ್ತಕನಾ? ನಾನು ದೇವರನ್ನ ನಂಬದೆ ಇರಬಹುದು ಅಜ್ಜಿ. ಇದನ್ನ ನಂಬ್ತೀನಿ.” ಮೇಡಂ ಫೋನ್ ಮಾಡಲು ಅಂಗಳಕ್ಕೆ ಹೋದರು.

ಚೂಟಿ ಮೂಲೆಯಲ್ಲಿ ಹೋಂವರ್ಕ್ ಹಿಡಿದು ಕೂತಿದ್ದಳು. ಕೈ ತಾನಾಗಿಯೇ ಕಂಪಾಸ್ ಬಾಕ್ಸಿನೊಳಗೆ ಹೋಯಿತು. ಅಲ್ಲಿ ಅವಳ ರಬ್ಬರ್ ಇತ್ತು. ಪುಸ್ತಕ ಟೀಪಾಯಿ ಮೇಲೆ ತೆರೆದೇ ಇತ್ತು. ಅಜ್ಜಿ ಕಣ್ಣು ಮುಚ್ಚಿದ್ದರು. ಉಜ್ಜಿ 2.31 ಎಂದು ಬರೆದರೆ ಸಾಕು. ಯಂತ್ರ ಉಳಿಯುತ್ತದೆ. ಮೇಡಂ, “ಅಯ್ಯೋ, ನಾನೇ ತಪ್ಪಾಗಿ ಓದಿದೆ,” ಎಂದುಕೊಳ್ಳುತ್ತಾರೆ.

ಅವಳು ಪುಸ್ತಕದ ಹತ್ತಿರ ಹೋದಳು. ಪುಟಗಳ ನಡುವೆ ಅಜ್ಜಿಯ ಪೆನ್ಸಿಲ್ ಇತ್ತು. ಅದರ ಹಿಂಬದಿಯಲ್ಲಿ ರಬ್ಬರ್ ಇರಲಿಲ್ಲ. ಹೊಸ ಪೆನ್ಸಿಲ್ ತಂದ ದಿನವೇ ಅಜ್ಜಿ ಬ್ಲೇಡಿನಿಂದ ಅದರ ರಬ್ಬರನ್ನು ಕತ್ತರಿಸಿ ಎಸೆಯುತ್ತಿದ್ದರು. ಹಾಗೇಕೆ ಎಂದು ಚೂಟಿ ಒಂದು ದಿನವೂ ಕೇಳಿರಲಿಲ್ಲ.

“ಆ ಪುಸ್ತಕ ಇಲ್ಲಿ ಕೊಡು ಮಗಳೇ,” ಎಂದರು ಅಜ್ಜಿ, ಕಣ್ಣು ತೆರೆಯದೆಯೇ.

ಚೂಟಿ ಕೊಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡರು. ಐದು ಸಣ್ಣ ಮನೆಗಳ ಮೇಲೆ ಒಂದೊಂದಾಗಿ ಬೆರಳು ಇಟ್ಟರು. 2.12, 2.12, 2.12, 2.12, 2.12. ಬೆರಳು ಕೊನೆಯ ಮನೆಯಲ್ಲಿ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂತಲೂ ಅನ್ನಲಿಲ್ಲ, ಆದರೂ ಚೂಟಿಯ ಕೈ ರಬ್ಬರನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು.

ಅಂಗಳದಿಂದ ಮೇಡಂ ದನಿ ಕೇಳುತ್ತಿತ್ತು. “ಹೌದು, ಬಿಚ್ಚಬೇಕು. ಪೂರ್ತಿ ಬಿಚ್ಚಬೇಕು.”

“ಅಜ್ಜಿ, ನಾನು ನೋಡಿಲ್ಲ,” ಎಂದಳು ಚೂಟಿ. ಒಂದು ಸಲ ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಂತು. ಜಗಳ, ಗಡಿಯಾರ, ಟೇಬಲ್, ಕೊನೆಗೆ ರಬ್ಬರ್ ಕೂಡ.

“ಹೋಗಿ ಮೇಡಂಗೆ ಹೇಳು. ಫೋನ್ ಇಡೋದ್ರೊಳಗೆ.”

“ನೀವು ಹೇಳಿ ಅಜ್ಜಿ.”

“ನನ್ನ ಕಾಲು ಊದಿದೆ. ನಿನ್ನದಕ್ಕೇನಾಗಿದೆ?”

ಚೂಟಿ ಹೋದಳು. ಅಂಗಳದವರೆಗೆ ಹನ್ನೆರಡು ಹೆಜ್ಜೆ. ಮೇಡಂ ಕೇಳಿಸಿಕೊಂಡರು, ಫೋನಿನಲ್ಲಿ, “ಒಂದು ನಿಮಿಷ, ಏನೂ ಬಿಚ್ಚಬೇಡಿ,” ಎಂದರು, ಒಳಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ಬೈಯುತ್ತಾರೆ ಎಂದುಕೊಂಡಿದ್ದಳು ಚೂಟಿ. ಅವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

“ಹತ್ತೊಂಬತ್ತು ಸೆಂಟಿಮೀಟರ್ ಹಾಗಾದ್ರೆ ನಿಜವೇ,” ಎಂದರು. “ಹೊರಗೆ ಗಾಳಿಯ ಒತ್ತಡ ಕಡಿಮೆಯಾಗಿದೆ. ಮೇಲಿನಿಂದ ಒತ್ತೋದು ಕಡಿಮೆಯಾದರೆ ನೀರು ಉಬ್ಬುತ್ತೆ. ಟೇಬಲ್‌ಗೆ ಚಂದ್ರ ಗೊತ್ತು, ಸೂರ್ಯ ಗೊತ್ತು. ಈ ವಾರದ ಗಾಳಿ ಗೊತ್ತಿಲ್ಲ.”

“ಟೇಬಲ್ ಸೈನ್ಸು, ತಪ್ಪಲ್ಲ ಅಂದ ಸೋಡಾಬುಡ್ಡಿ.”

“ಟೇಬಲ್ ತುಂಬಾ ಒಳ್ಳೆ ಊಹೆ,” ಎಂದರು ಅಜ್ಜಿ. “ಅದನ್ನ ಮಾಡಿದವರ ಬುದ್ಧಿಗೆ ಕೈ ಮುಗೀತೀನಿ. ಆದರೆ ಸಮುದ್ರ ಮಾಡಿದವನು ನನ್ನ ಕೇಳಿ ಮಾಡಿದನಾ, ಟೇಬಲ್ ನೋಡಿ ಮಾಡಿದನಾ? ಅವನಿಗೆ ಹೇಗೆ ಬೇಕೋ ಹಾಗೆ ಮಾಡಿದ. ಹೇಗಿದೆ ಅಂತ ತಿಳೀಬೇಕಾದ್ರೆ ಹೋಗಿ ನೋಡಬೇಕು. ಮನೇಲಿ ಕೂತು ನಾನೇ ಬರೆದುಕೊಂಡರೆ, ಅವನ ಬಾಯಿಗೆ ನನ್ನ ಮಾತು ತುರುಕಿದ ಹಾಗೆ.”

“ಅವನನ್ನ ಬಿಡಿ, ಹೋಗಿ ನೋಡಬೇಕು ಅನ್ನೋದನ್ನ ನಾನೂ ಒಪ್ತೀನಿ,” ಎಂದರು ಮೇಡಂ.

“ಬಿಡೋಕೆ ಅವನೇನು ನಿನ್ನ ಕೈಲಿದ್ದಾನಾ?”

ಚೂಟಿಗೆ ಕೇಳದೆ ಇರಲಾಗಲಿಲ್ಲ. “ಅಜ್ಜಿ, ಹಾಗಾದ್ರೆ ನೀರನ್ನ ಏರಿಸೋದು ಚಂದ್ರನಾ, ಅವನಾ?”

“ಚಂದ್ರ ಎಳೀತಾನೆ. ಇಲ್ಲ ಅಂದವರ್ಯಾರು?” ಅಜ್ಜಿಗೆ ಆ ಪ್ರಶ್ನೆ ವಿಚಿತ್ರ ಎನಿಸಿತು. “ಮೂವತ್ತೊಂದು ವರ್ಷ ನೋಡಿದ್ದೀನಿ. ಎಳೆಯೋ ಹಾಗೆ ಚಂದ್ರನನ್ನ ಮಾಡಿದವನು ಒಬ್ಬ ಇದ್ದಾನೆ ಅಂತ ನನ್ನ ನಂಬಿಕೆ. ಅದನ್ನ ಬರೆಯೋಕೆ ಈ ಪುಸ್ತಕದಲ್ಲಿ ಕಾಲಂ ಇಲ್ಲ. ಅದಕ್ಕೇ ಬಾಯಲ್ಲಿ ಹೇಳ್ತೀನಿ.”

ಮೇಡಂ ನಗಲಿಲ್ಲ. ಪುಸ್ತಕವನ್ನು ಚೂಟಿಯ ಕಡೆ ತಿರುಗಿಸಿ ಇಟ್ಟರು. “ಉಜ್ಜಬೇಡ. ಒಂದು ಗೆರೆ ಎಳಿ. ಕೆಳಗಿರೋದು ಕಾಣಬೇಕು. ಪಕ್ಕದಲ್ಲಿ ‘ನೋಡಿಲ್ಲ’ ಅಂತ ಬರಿ.”

ಗೆರೆ ಎಳೆಯುವಾಗ ಚೂಟಿಯ ಕಣ್ಣು ಮಂಜಾಯಿತು. “ನಿಮ್ಮ ಪುಸ್ತಕ ಹಾಳು ಮಾಡಿದೆ ಅಜ್ಜಿ.”

“ಹಾಳಾ? ಆ ಕಪಾಟಿನಲ್ಲಿ ಹಸಿರು ರಟ್ಟಿನದು ತೆಗಿ.”

ಹಳೆಯ ಪುಸ್ತಕ. ಉಪ್ಪುಗಾಳಿಗೆ ಹಾಳೆಗಳು ಅಲೆಅಲೆಯಾಗಿದ್ದವು. ಅಜ್ಜಿ ಪುಟ ತಿರುಗಿಸಿ ತೋರಿಸಿದರು. ಒಂದು ಸಾಲಿನಲ್ಲಿ ‘ನೋಡಿಲ್ಲ. ಜ್ವರ.’ ಎಂದಿತ್ತು. ಇನ್ನೊಂದರಲ್ಲಿ ‘ನೋಡಿಲ್ಲ. ನಿದ್ದೆ.’ ಎಂದಿತ್ತು. ಮೇಡಂ, “ನಿದ್ದೆನಾ?” ಎಂದು ಬಗ್ಗಿ ನೋಡಿದರು. ಇನ್ನೂ ನಾಲ್ಕು ಪುಟ ದಾಟಿದ ಮೇಲೆ ಮತ್ತೊಂದು ಸಾಲು ಸಿಕ್ಕಿತು. ಆ ತಾರೀಖು ಚೂಟಿಗೆ ಚೆನ್ನಾಗಿ ಗೊತ್ತಿತ್ತು. ಐದು ಸಣ್ಣ ಮನೆಗಳೂ ಖಾಲಿ. ದೊಡ್ಡ ಮನೆಯಲ್ಲಿ ಅಜ್ಜಿಯ ಅಕ್ಷರ ಸ್ವಲ್ಪ ನಡುಗಿತ್ತು.

‘ನೋಡಿಲ್ಲ. ಮೊಮ್ಮಗಳು ಹುಟ್ಟಿದಳು.’

ಮಾರನೆಯ ದಿನ ಭಾನುವಾರ. ಹನ್ನೊಂದು ಗಂಟೆಗೇ ಚೂಟಿ ಜೆಟ್ಟಿಯಲ್ಲಿದ್ದಳು. ಸೋಡಾಬುಡ್ಡಿಯೂ ಬಂದಿದ್ದ. ಫೋನಿನಲ್ಲಿ ವಿಷಯವೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ಕೈಯಲ್ಲಿ ಒಂದು ಹೊಸ ಪೆನ್ಸಿಲ್ ಹಿಡಿದು ಬಂದಿದ್ದ.

“ಇದು ನಿನಗೆ. ನನ್ನದೂ ತಪ್ಪಿದೆ ಅಂತ.”

ಚೂಟಿ ಪೆನ್ಸಿಲನ್ನು ತಿರುಗಿಸಿ ನೋಡಿದಳು. ಹಿಂಬದಿಯ ಗುಲಾಬಿ ರಬ್ಬರನ್ನು ಹಲ್ಲಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಳು.

“ಏಯ್, ಹೊಸದು ಕಣೇ ಅದು.”

“ಈಗ ಸರಿಹೋಯ್ತು.”

ಹನ್ನೊಂದು ಇಪ್ಪತ್ತೆಂಟಕ್ಕೆ ಉಬ್ಬರ. ಟೇಬಲ್ ಪ್ರಕಾರ 2.09. ಸೋಡಾಬುಡ್ಡಿ ಟೇಬಲ್ ನೋಡಿದ, ಬಿಳಿ ಡಬ್ಬ ನೋಡಿದ, ಕಂಬಿ ಹಿಡಿದು ನೀರಿನ ಕಡೆ ಬಗ್ಗಿದ. “ಈ ದಿನಾನೂ ಟೇಬಲ್‌ಗಿಂತ ಜಾಸ್ತಿ ಬರುತ್ತಾ?”

“ನನಗೇನು ಗೊತ್ತು?” ಎಂದಳು ಚೂಟಿ. ಹಾಗೆ ಹೇಳಲು ಅವಳಿಗೆ ನಾಚಿಕೆಯಾಗಲಿಲ್ಲ.

ಹನ್ನೊಂದು ಇಪ್ಪತ್ತೇಳು. ಕೋಲಿನ ಕಡೆ ತಿರುಗಿದಳು. ತಲೆಯಲ್ಲಿ 2.09 ಎಂಬ ಸಂಖ್ಯೆ ಕೂತುಬಿಟ್ಟಿತ್ತು. ಕಣ್ಣು ತಾನಾಗಿಯೇ ಕೋಲಿನ ಮೇಲೆ 2.09 ಇರುವ ಪಟ್ಟೆಯನ್ನೇ ಹುಡುಕುತ್ತಿತ್ತು. ಹೀಗೆ ನೋಡಿದರೆ ಅದೇ ಕಾಣುತ್ತದೆ ಎನಿಸಿತು. ಅವಳು ಕಣ್ಣು ಮುಚ್ಚಿದಳು. ಅಜ್ಜಿ ನಿಲ್ಲುವಷ್ಟೇ ಹೊತ್ತು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಹಾಗೇ ನಿಂತಳು. ಏನಿದೆಯೋ ಅದನ್ನೇ ತೋರಿಸು. ಸಂಖ್ಯೆ ನಿಧಾನವಾಗಿ ಕರಗಿತು. ಕಂಬಕ್ಕೆ ನೀರು ತಾಗುವ ಸದ್ದು ಮಾತ್ರ ಉಳಿಯಿತು.

“ಪ್ರಾರ್ಥನೆನಾ?” ಎಂದು ಸೋಡಾಬುಡ್ಡಿ ಪಿಸುಗುಟ್ಟಿದ. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

“ಗೊತ್ತಿಲ್ಲ ಕಣೋ. ಸುಮ್ಮನಿರು, ನೀರು ನೋಡಬೇಕು.”

ಕಣ್ಣು ತೆರೆದು ನೋಡಿದಳು. ನೀರು ಏರಿ ತುಳುಕಿತು, ಇಳಿಯಿತು, ಮತ್ತೆ ಏರಿತು. ಅವಳು ಒಂದೊಂದೇ ಹೇಳಿದಳು, ಸೋಡಾಬುಡ್ಡಿ ಉಸಿರು ಬಿಗಿಹಿಡಿದು ಬರೆದ. 2.25. 2.27. 2.26. 2.24. 2.28. ಇಬ್ಬರೂ ಬೇರೆಬೇರೆಯಾಗಿ ಕೂಡಿಸಿ ಐದರಿಂದ ಭಾಗಿಸಿದರು, ಉತ್ತರ ತಾಳೆ ನೋಡಿದರು. ಚೂಟಿ ಪೆನ್ಸಿಲ್ ತೆಗೆದುಕೊಂಡು ದೊಡ್ಡ ಮನೆಯಲ್ಲಿ ಬರೆದಳು.

2.26 ಮೀಟರ್.