ಹುಕ್ಕೇರಿ ಹುಡುಗನ ವಿಚಾರಣೆ

ಹೆಣ್ಣು ಕೊಡುವ ಮೊದಲು ಹುಡುಗನ ಊರಿಗೆ ಗುಟ್ಟಾಗಿ ಹೋಗಿ ವಿಚಾರಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಚಹಾದಂಗಡಿ, ಕಟಿಂಗ್ ಶಾಪು, ಕಿರಾಣಿ ಅಂಗಡಿ, ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: ಹುಡುಗ ಕುಡೀತಾನೇನು? ತಂಗಿ ಮಯೂರಿಯ ಸಲುವಾಗಿ ಅವ್ವ ನನ್ನನ್ನು ಹುಕ್ಕೇರಿಗೆ ಕಳಿಸಿದಳು. ಹುಡುಗನ ಹೆಸರು ಸಿದ್ರಾಮ. ಪ್ರವಾಸಿಗರಿಗೆ ಊರು ತೋರಿಸುವ ಗೈಡ್.

ನಾನು ಯಾವ ಅಂಗಡಿಯಲ್ಲೂ ಕೇಳಲಿಲ್ಲ. ನಮ್ಮೂರು ಮೂಡಲಗಿಯಲ್ಲಿ ಕೂತೇ ಅವನ ಇನ್‌ಸ್ಟಾಗ್ರಾಂ ಪೇಜು ನೋಡಿದ್ದೆ. "ಯಾರ ಜೋಡಿ ಬೇಕಾದ್ರೂ ಬರ್ರಿ, ನಾ ಏನೂ ಕೇಳಂಗಿಲ್ಲ" ಎಂದು ಬರೆದು, ಪಕ್ಕದಲ್ಲಿ ಸಣ್ಣದೊಂದು ಕಾಮನಬಿಲ್ಲಿನ ಬಾವುಟ ಹಾಕಿದ್ದ. ಅವ್ವ ಅದನ್ನು ನೋಡಿ "ಬಣ್ಣ ಚಂದ ಅದಾವು" ಅಂದಳು. ಗಂಡಸನ್ನು ಪ್ರೀತಿಸುವ ಗಂಡಸಿಗೂ ಇಲ್ಲಿ ಜಾಗ ಇದೆ ಎಂಬ ಅದರ ಅರ್ಥ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಮೂವತ್ತು ವರ್ಷ ನಾನು ಯಾರಿಗೂ ಹೇಳದ ಮಾತು ಅದು. ಮಾಲಿಂಗ ಎಂದು ಸುಳ್ಳು ಹೆಸರು ಕೊಟ್ಟು, ಒಂದು ದಿನಕ್ಕೆ ಅವನನ್ನೇ ಬುಕ್ ಮಾಡಿದೆ. ತಂಗಿಗಾಗಿ ಹೋದೆ ಅಂದರೆ ಅದು ಅರ್ಧ ಸತ್ಯ.

ಬಸ್ ಸ್ಟ್ಯಾಂಡಿನಲ್ಲಿ ಬೈಕಿಗೆ ಒರಗಿ ನಿಂತಿದ್ದ.

"ಒಬ್ಬರ ಬಂದೀರಿ?"

"ಏನೂ ಕೇಳಂಗಿಲ್ಲ ಅಂದಿದ್ರಿ."

ನಕ್ಕ. ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ನಾನು ಬಂದ ಕೆಲಸ ಅಲ್ಲಿಗೇ ಕೆಟ್ಟಿತು.

ಊರಿನ ಹಳೆಯ ಗುಮ್ಮಟದೊಳಗೆ ತಂಪಾಗಿತ್ತು. ಮೇಲೆಲ್ಲೋ ಪಾರಿವಾಳ ರೆಕ್ಕೆ ಬಡಿಯುತ್ತಿದ್ದವು. ಕಲ್ಲಿನ ಮೇಲೆ ಬೆರಳಾಡಿಸುತ್ತ ಅವನು ಸುಲ್ತಾನರ ಕಾಲದ ಕಥೆ ಹೇಳಿದ. ನಾನು ಬೆರಳನ್ನೇ ನೋಡಿದೆ.

"ಗ್ವಾಡಿ ನೋಡವಲ್ರಿ ನೀವು."

"ನೋಡಾಕತ್ತೇನಲ್ರಿ."

"ಗ್ವಾಡಿ ಈ ಕಡೆ ಐತ್ರಿ."

ಆಮೇಲೆ ಅವನು ಗೋಡೆಗೇ ಹೇಳುವವನಂತೆ ಹೇಳಿದ: "ಮುಂದಿನ ತಿಂಗಳ ನಂದು ಲಗ್ನ ನಿಶ್ಚಯ ಐತಿ. ಮೂಡಲಗಿ ಹುಡುಗಿ. ಅಪ್ಪಗ ಇಲ್ಲ ಅನ್ನಾಕ ಧೈರ್ಯ ಸಾಲವಲ್ದು. ಫೋಟೋದಾಗ ಆಕಿ ನಗಾಕತ್ತಾಳ್ರಿ. ಆ ನಗಿ ನೋಡಿದಾಗಿಂದ ನನಗ ಊಟ ಸೇರವಲ್ದು."

ಆ ಫೋಟೋ ತೆಗೆದವನು ನಾನೇ. ನಗು ಅಂತ ಹೇಳಿದವನೂ ನಾನೇ.

ಮಧ್ಯಾಹ್ನ ಬೈಕಿನಲ್ಲಿ ಗೋಕಾಕ ಫಾಲ್ಸಿಗೆ ಹೋದೆವು. ತೂಗುಸೇತುವೆ ಅಲುಗಾಡಿದಾಗ ಅವನು ನನ್ನ ಕೈ ಹಿಡಿದ. ನಿಂತ ಮೇಲೂ ಬಿಡಲಿಲ್ಲ. ಕೆಳಗೆ ಕೆಂಪು ನೀರು ಅಬ್ಬರಿಸುತ್ತಿತ್ತು. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ನಾ ಮಾಲಿಂಗ ಅಲ್ಲ, ಕೇದಾರಿ. ಆ ಫೋಟೋದಾಗ ನಗಾಕತ್ತಾಕಿ ನನ್ನ ತಂಗಿ."

ಕೈ ಬಿಟ್ಟ. ಆಗ ನಾನು ಆಡಬಾರದ ಮಾತು ಆಡಿದೆ.

"ಲಗ್ನ ಆಗಲಿ, ಸಿದ್ರಾಮ. ಬೀಗರಾಗ್ತೀವಿ. ಹಬ್ಬಕ್ಕ ಬರ್ತೀನಿ, ವಾರಗಟ್ಲೆ ಇರ್ತೀನಿ. ಯಾರೂ ಏನೂ ಅನ್ನಂಗಿಲ್ಲ."

"ಆಕಿ ಚಾ ಮಾಡಾಕ ಒಳಗ ಹೋದಾಗ ನಾವು ಒಬ್ಬರ ಮಾರಿ ಒಬ್ಬರು ನೋಡೂದು. ಆಕಿ ಹೊರಗ ಬಂದ ಕೂಡ್ಲೆ ಮಾರಿ ತಿರಗಸೂದು. ಸಾಯೂತನಕ. ಹಂಗೇನು?"

ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೂ, ಖರೆ ಹೇಳಬೇಕೆಂದರೆ, ನನಗೆ ಅಷ್ಟಾದರೂ ಬೇಕಿತ್ತು.

ಜೇಬಿನಲ್ಲಿ ಫೋನು ನಡುಗಿತು. ಅವ್ವ.

"ಹುಡುಗ ಹೆಂಗದಾನೋ?"

"ಬ್ಯಾಡ ಬೇ ಈ ಸಂಬಂಧ."

"ಯಾಕ? ಏನಾತು?"

ನಿಜ ಹೇಳಿದರೆ ಸಂಜೆಯೊಳಗೆ ಅದು ಹುಕ್ಕೇರಿ ಮುಟ್ಟುತ್ತದೆ, ಅವನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಸಿದ್ರಾಮ ನನ್ನ ಇನ್ನೊಂದು ಕಿವಿಗೆ ಬಾಯಿ ತಂದು, "ಕುಡೀತಾನ ಅನ್ನು" ಅಂದ.

ಅವನು ಹೆಂಡ ಮುಟ್ಟಿದವನಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅವ್ವನಿಗೆ ಈ ಸಂಬಂಧ ಹಿಡಿಸಿದ್ದೇ ಅದಕ್ಕೆ.

"ಕುಡೀತಾನಂತ ಬೇ. ಕದ್ದು."

"ಭಾಳ?"

ಅವನು ಹೌದೆಂದು ತಲೆಯಾಡಿಸಿದ.

"ಭಾಳ."

ಫೋನು ಇಟ್ಟ ಮೇಲೆ ಅವನು ಕಂಬಿ ಹಿಡಿದು ನಿಂತ. "ಈ ಸುದ್ದಿ ಹಬ್ಬಿದ್ರ ಎರಡು ವರ್ಷ ನನಗ ಯಾರೂ ಹೆಣ್ಣು ಕೊಡಂಗಿಲ್ಲ. ಅಷ್ಟರಾಗ ಅಪ್ಪಗ ಹೇಳೂ ಧೈರ್ಯ ಬಂದೀತು." ನಗಲು ಹೋದ, ಕಣ್ಣು ತುಂಬಿದವು.

"ನಿನ್ನ ಮ್ಯಾಲ ಜೀವ ಐತಿ ನಂದು," ಅಂದೆ.

"ಒಂದು ದಿನದಾಗ?"

"ಒಂದು ದಿನದಾಗ."

"ನಂದೂ. ಆದ್ರ ಮತ್ತ ಬರಬ್ಯಾಡ, ಕೇದಾರಿ. ಬ್ಯಾಡಂದ ಮನಿಗಿ ನೀ ಮತ್ತ ಬಂದ್ರ ಮಂದಿ ಯಾಕಂತ ಕೇಳ್ತಾರ."

ಮೂಡಲಗಿ ಬಸ್ಸಿಗೆ ಹತ್ತಿಸಿ ಹೋದ. ತಿರುಗಿ ನೋಡಲಿಲ್ಲ.

ಮಯೂರಿಯ ಮದುವೆ ಬೇರೆ ಕಡೆ ಆಯಿತು, ಚೆನ್ನಾಗಿದ್ದಾಳೆ. ಹುಕ್ಕೇರಿಯ ಮಾತು ಬಂದರೆ ಅವ್ವ ಈಗಲೂ "ಆ ಕುಡುಕನ ಕೈಯಾಗಿಂದ ಉಳೀತು ನನ್ನ ಕೂಸು" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಈಗ ನನಗೆ ಹೆಣ್ಣು ನೋಡಿದ್ದಾರೆ. ಮುಂದಿನ ವಾರ ಹುಡುಗಿಯ ಕಡೆಯವರು ಯಾರೋ ಮೂಡಲಗಿಗೆ ವಿಚಾರಿಸಲು ಬರುತ್ತಾರೆ. ಚಹಾದಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಕೇಳುತ್ತಾರೆ. ಎಲ್ಲರೂ ನಾನು ಒಳ್ಳೆಯವನೆಂದೇ ಹೇಳುತ್ತಾರೆ. ಕುಡೀತಾನೆ ಅಂತ ಹೇಳಿ ಉಳಿಸುವವರು ಈ ಊರಿನಲ್ಲಿ ನನಗೆ ಯಾರೂ ಇಲ್ಲ.