ಒಂದೇ ನಂಬರಿನ ಇಬ್ಬರು

ಜೂನ್ ಹನ್ನೆರಡು, ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಒಟ್ಟಪಾಲಂ ಠಾಣೆಗೆ ಬಂದ ಸುಗುಣನ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಪೇಟೆಯಲ್ಲಿ ಪೀಠೋಪಕರಣದ ಅಂಗಡಿ ಇಟ್ಟವನು. ಕೈಯಲ್ಲೊಂದು ಕಾಗದ.

"ಲ್ಯಾಬಿನವರು ನನ್ನ ಮಾನ ಕಳೆದ್ರು ಸಾರ್. ನನ್ನ ರಿಪೋರ್ಟನ್ನ ಹೆಂಡ್ತಿ ಹೆಸರಿಗೆ ಕಳಿಸಿದ್ದಾರೆ. ಅವಳು ತವರಿಗೆ ಹೋಗಿ ಕೂತಿದ್ದಾಳೆ."

ಇನ್‌ಸ್ಪೆಕ್ಟರ್ ಪ್ರಸೂನನ್ ಓದಿದ. ಲ್ಯಾಬು ಹೊಸ ಕಟ್ಟಡಕ್ಕೆ ಹೋಗುವ ಮುಂಚೆ ಹಳೆಯ ರೋಗಿಗಳಿಗೆ ಅವರವರ ಪರೀಕ್ಷೆಗಳನ್ನೆಲ್ಲ ಒಂದೊಂದು ಪತ್ರದಲ್ಲಿ ಪಟ್ಟಿ ಮಾಡಿ ಕಳಿಸಿತ್ತು. ಇದು ಅವನ ಹೆಂಡತಿ ಪ್ರಮೀಳಾ ಹೆಸರಿನ ಪತ್ರ. ಮೊದಲ ನಾಲ್ಕು ಸಾಲು ಅವಳವು, ನಾಲ್ಕರಲ್ಲೂ ದೋಷವಿಲ್ಲ. ಐದನೆಯದು ಆರು ವರ್ಷ ಹಿಂದಿನ ವೀರ್ಯ ಪರೀಕ್ಷೆ: ವೀರ್ಯಾಣು ಇಲ್ಲ.

"ಮದುವೆಯಾಗಿ?"

"ಒಂಬತ್ತು ವರ್ಷ."

"ಹೆಂಡ್ತಿಗೆ ಹೇಳಿರಲಿಲ್ವಾ?"

"ಹೇಳೋಕೆ ಆಗಿರಲಿಲ್ಲ."

"ಆರು ವರ್ಷಾನೂ?"

"ದೂರು ಬರ್ಕೊಳ್ಳಿ ಸಾರ್," ಎಂದ ಸುಗುಣನ್. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಲ್ಯಾಬಿಗೆ ಹೋದಾಗ ಅದರ ಮಾಲೀಕ ತನಗೇನೂ ಗೊತ್ತಿಲ್ಲವೆಂದು ಕೈ ತೊಳೆದುಕೊಂಡ. "ಮೇಲ್ ಮರ್ಜ್ ಸಾರ್, ಪಟ್ಟಿಯಿಂದ ಪತ್ರ ತಾನಾಗೇ ತಯಾರಾಗುತ್ತೆ. ಕಂಪ್ಯೂಟರ್ ತಪ್ಪು."

ಪೇದೆ ರಹೀಲಾಗೆ ಕಂಪ್ಯೂಟರ್ ಗೊತ್ತಿತ್ತು. ಪಟ್ಟಿ ತೆರೆದಳು. "ಒಬ್ಬೊಬ್ಬರಿಗೂ ಒಂದು ನಂಬರ್ ಸಾರ್. ಅದೇ ನಂಬರಿನ ಸಾಲು ಎಷ್ಟಿದ್ರೂ ಒಂದೇ ಪತ್ರಕ್ಕೆ ಸೇರ್ತವೆ. ನಂಬರ್ ಬದಲಾದ್ರೆ ಹೊಸ ಪತ್ರ."

ಹಳೆಯ ದಾಖಲೆ ಪುಸ್ತಕದಲ್ಲಿ ಸುಗುಣನ್ 2217, ಪ್ರಮೀಳಾ 1846. ಪಟ್ಟಿಯಲ್ಲಿ ಇಬ್ಬರೂ 1846. ಎಂಟುನೂರ ಮೂವತ್ತು ಪತ್ರಗಳಲ್ಲಿ ಇದೊಂದೇ ಹಾಗೆ.

"ಯಂತ್ರ ಎಡವಿದ್ರೆ ಇನ್ನೂ ನಾಲ್ಕು ಕಡೆ ಎಡವಬೇಕಿತ್ತು," ಎಂದಳು ರಹೀಲಾ. ಅಂಕಿ ಬದಲಾದದ್ದು ಮೇ ಮೂವತ್ತರ ಬೆಳಿಗ್ಗೆ 11.40ಕ್ಕೆ, ಜಲಜಾಳ ಗುಪ್ತಪದದಿಂದ. ಐವತ್ತು ದಾಟಿದ ಜಲಜಾ ಅಲ್ಲಿ ಟೈಪಿಂಗ್ ಮಾಡುವವಳು, ಈ ಬುಧವಾರ ರಜೆ ಹಾಕಿದ್ದಳು. ಪಂಚನಾಮೆ ಮಾಡಿ ಕಂಪ್ಯೂಟರ್ ವಶಕ್ಕೆ ಪಡೆದರು.

ಕೇಸು ಅರ್ಧ ದಿನದಲ್ಲೇ ಬಿಡಿಸಿಕೊಂಡಿತ್ತು. ಆದರೂ ಪ್ರಸೂನನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಷೊರ್ನೂರಿಗೆ, ಪ್ರಮೀಳಾಳ ತವರಿಗೆ ಜೀಪು ಹೊರಡಿಸಿದ.

"ಜಲಜಾ ಅನ್ನೋರು ಗೊತ್ತಾ?"

"ಇಲ್ಲ."

"ಪತ್ರದಿಂದ ನಿಮಗೆ ತೊಂದರೆ ಆಯ್ತಾ?"

ಪ್ರಮೀಳಾ ನಕ್ಕಳು. "ಆರು ವರ್ಷ ಕಷಾಯ ಕುಡಿದೆ ಸಾರ್. ವಾರಕ್ಕೆರಡು ಉಪವಾಸ. ಅವ್ರು ಎದುರಿಗೇ ಕೂತು ಮೀನು ಸಾರು ತಿಂತಿದ್ರು. ತೊಂದರೆ ಪತ್ರದಿಂದ ಆಯ್ತು ಅಂತ ಬರ್ಕೋತೀರಾ?"

ಅವನು ಏನೂ ಬರೆದುಕೊಳ್ಳಲಿಲ್ಲ. ಹಿಂದಿರುಗುವಾಗ ಜೀಪಿನಲ್ಲಿ ಸುಮ್ಮನೆ ಟೋಪಿ ತೆಗೆಯುತ್ತ, ಹಾಕುತ್ತ ಇದ್ದ.

ಸಂಜೆ ನಾಲ್ಕೂವರೆಗೆ ಜಲಜಾ ತಾನೇ ತನ್ನ ಮನೆಯ ಬಾಗಿಲು ತೆರೆದಳು.

"ಕೈತಪ್ಪಿ ಆಗಿರಬಹುದಲ್ವಾ ಚೇಚಿ?" ಪ್ರಸೂನನ್ ಅಕ್ಕನನ್ನು ಕೇಳುವಂತೆ ಮೆಲ್ಲಗೆ ಕೇಳಿದ. ಪಕ್ಕದಲ್ಲಿದ್ದ ರಹೀಲಾ ತಿರುಗಿ ಅವನನ್ನು ನೋಡಿದಳು.

"ನಾಲ್ಕು ಅಂಕಿ ಸಾರ್. ಒಂದೊಂದಾಗಿ ಅಳಿಸಿ ಒಂದೊಂದಾಗಿ ಹೊಡೆದೆ. ಅದೆಂಥ ಕೈತಪ್ಪು?"

4.50ಕ್ಕೆ ಬಂಧನ. ಹೇಳಿಕೆಯನ್ನು ಪ್ರಸೂನನ್ ತಾನೇ ಬರೆದುಕೊಂಡ. ಏಪ್ರಿಲ್‌ನಲ್ಲಿ ಸುಗುಣನ್‌ನ ತಾಯಿ ಲ್ಯಾಬಿನ ಜನರೆದುರು ಸೊಸೆಗೆ, "ಒಣಮರಕ್ಕೆ ಇನ್ನೆಷ್ಟು ನೀರು ಹೊಯ್ಯೋದು" ಅಂದಿದ್ದಳಂತೆ. ಮಗ ಪಕ್ಕದಲ್ಲೇ ಮೊಬೈಲ್ ನೋಡುತ್ತ ನಿಂತಿದ್ದ. ಅವನ ಆ ಹಳೆಯ ರಿಪೋರ್ಟನ್ನು ಟೈಪ್ ಮಾಡಿದವಳೇ ಜಲಜಾ.

ಅವಳನ್ನೂ ಇಪ್ಪತ್ತಾರನೇ ವಯಸ್ಸಿಗೆ, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಬಸ್ಸು ಹತ್ತಿಸಿ ಕಳಿಸಿದ್ದರು. ಗಂಡ ಮತ್ತೆ ಮದುವೆಯಾದ; ಆ ಹೆಂಡತಿಗೂ ಆಗಲಿಲ್ಲ. ದೋಷ ತನ್ನದೆಂದು ಅವನಿಗೆ ಮೊದಲೇ ಗೊತ್ತಿತ್ತು ಎಂಬ ಮಾತು ಜಲಜಾಳ ಕಿವಿಗೆ ಬೀಳುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು.

ಸಹಿ ಹಾಕುವ ಮುಂಚೆ ಜಲಜಾ ತಲೆಯೆತ್ತಿದಳು. "ಆ ಹುಡುಗಿ ಅತ್ಲಾ ಸಾರ್?"

"ಇಲ್ಲ," ಎಂದ ಪ್ರಸೂನನ್.

ಜಾಮೀನಿನ ಕಾಗದ ಸಿದ್ಧಮಾಡಲು ಅವನೇ ಎದ್ದುಹೋದ.