ಕಂದುಗನ ಹೆಜ್ಜೆ, ಕರಂಡಕನ ಚೂರ್ಣ

ಬಹಳ ಹಿಂದೆ, ಯಾರೂ ಹೋಗಿ ಪರೀಕ್ಷಿಸಿ ಬರಲಾರದಷ್ಟು ಹಿಂದೆ, ಮುಗಿಲಗಡಿ ಎಂಬ ರಾಜ್ಯವೊಂದಿತ್ತು. ಆ ರಾಜ್ಯವಿದ್ದದ್ದು ಒಬ್ಬ ರಾಕ್ಷಸನ ಮೈಮೇಲೆ. ಅವನ ಹೆಸರು ಜಡಾಸುರ. ಅವನು ಅಂಗಾತ ಮಲಗಿ ಎಷ್ಟು ಕಾಲವಾಗಿತ್ತೆಂದರೆ, ಮೈಮೇಲೆ ಮಣ್ಣು ಕೂತು, ಹುಲ್ಲು ಬೆಳೆದು, ಮೊಣಕಾಲುಗಳು ಜೋಡಿಗುಡ್ಡಗಳಾಗಿದ್ದವು. ಹೊಟ್ಟೆಯ ಮೇಲೆ ಅರಮನೆಯಿತ್ತು, ಅಂಗೈಯಲ್ಲಿ ಸಂತೆ ಕೂಡುತ್ತಿತ್ತು. ಮಲಗಿದ ರಾಕ್ಷಸನ ಮೇಲೆ ಊರು ಕಟ್ಟುವುದು ಜಾಣತನವೇ ಎಂದು ಯಾರೂ ಕೇಳಿರಲಿಲ್ಲ. ನೆಲ ಫಲವತ್ತಾಗಿತ್ತು, ಚಳಿಗಾಲದಲ್ಲಿ ಬೆಚ್ಚಗಿರುತ್ತಿತ್ತು. ಜನರಿಗೆ ಅಷ್ಟು ಸಾಕಾಗಿತ್ತು.

ಅವನು ಏಳದಿರುವುದಕ್ಕೆ ಕಾರಣ ಒಂದು ಕುದುರೆ. ಪ್ರತಿ ಯುಗಾದಿಯಂದು ಅರಮನೆಯ ಕುದುರೆ ಅವನ ಕಾಲ್ಬೆರಳಿನಿಂದ ಹೊರಟು ಹಣೆಯವರೆಗೆ ನಡೆಯಬೇಕು. ನಾಲ್ಕು ಗೊರಸುಗಳ ಸಮನಾದ ಸದ್ದು, ಮಗುವಿನ ಬೆನ್ನು ತಟ್ಟಿ ಮಲಗಿಸುವ ತಾಯಿಯ ಕೈಯಂತೆ ಅವನಿಗೆ ಕೇಳಿಸುತ್ತಿತ್ತು. ಇನ್ನೊಂದು ವರ್ಷ ಮಲಗುತ್ತಿದ್ದ. ಆ ದಾರಿಯಲ್ಲಿ ಕುದುರೆ ಓಡಬಾರದು, ಎಡವಬಾರದು, ನಿಲ್ಲಬಾರದು. ತಾಳ ತಪ್ಪಿದರೆ ಅವನು ಎದ್ದು ಕೂರುತ್ತಾನೆ. ಅವನು ಎದ್ದು ಕೂತರೆ ಊರು ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಆ ಕಾಲದ ಕುದುರೆ ಕಂದುಗ. ನೋಡಲು ಏನೂ ಇಲ್ಲದ ಕಂದು ಕುದುರೆ, ಕಿವಿ ಸ್ವಲ್ಪ ದೊಡ್ಡವು. ಆದರೆ ನಡಿಗೆ ಹೇಗಿತ್ತೆಂದರೆ, ಅವನು ಬೀದಿಯಲ್ಲಿ ಹೋಗುವಾಗ ಭತ್ತ ಕುಟ್ಟುವ ಹೆಂಗಸರು ತಮಗೆ ತಿಳಿಯದೆಯೇ ಆ ಹೆಜ್ಜೆಗೆ ಸರಿಯಾಗಿ ಒನಕೆ ಇಳಿಸುತ್ತಿದ್ದರು. ಅವನ ಸವಾರಳು ಬಾಚಲೆ, ದೊರೆ ಇರಿವಮಲ್ಲನ ಒಬ್ಬಳೇ ಮಗಳು. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವ ಹುಡುಗಿ. ಅರಮನೆಯಲ್ಲಿ ಇದನ್ನು ದುರ್ಗುಣವೆಂದು ಎಣಿಸುತ್ತಿದ್ದರು.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ಕುದುರೆಗೆ ಹುರುಳಿ ಹಾಕುವ ಮುನ್ನ ಅದರ ಸವಾರ ಒಂದು ತುತ್ತು ತಾನು ತಿನ್ನಬೇಕು. ಅದಕ್ಕೆ ಮೊದಲ ತುತ್ತು ಎಂದು ಹೆಸರು. ಯಾವ ಮೇವು ನಿನ್ನನ್ನು ಹೊರುತ್ತದೋ ಅದು ನಿನ್ನ ಹೊಟ್ಟೆಗೂ ಗೊತ್ತಿರಲಿ ಎಂಬುದು ಅದರ ಅರ್ಥ. ಬಾಚಲೆ ದಿನವೂ ಬೇಯಿಸಿದ ಹುರುಳಿಯನ್ನು ಬಾಯಿಗೆ ಹಾಕಿಕೊಂಡು, ರುಚಿಯೇನೂ ಇಲ್ಲವೆಂದು ಮುಖ ಮಾಡಿ, ಉಳಿದದ್ದನ್ನು ಕಂದುಗನ ಮುಂದೆ ಇಡುತ್ತಿದ್ದಳು.

ಹೀಗಿರುವಾಗ ಆ ರಾಜ್ಯಕ್ಕೆ ಕರಂಡಕನೆಂಬ ಮಾಂತ್ರಿಕ ಬಂದ. ಜಡಾಸುರನ ತಲೆಯಡಿಯಲ್ಲಿ ಒಂದು ಮಣಿಯಿದೆ, ಅದು ಸಿಕ್ಕವನು ಮೂರು ಲೋಕ ಆಳುತ್ತಾನೆ ಎಂದು ಅವನು ನಂಬಿದ್ದ. ಮಣಿಯನ್ನು ಯಾರೂ ನೋಡಿರಲಿಲ್ಲ. ಅದೇ ಅವನಿಗೆ ದೊಡ್ಡ ಸಾಕ್ಷಿಯಾಗಿತ್ತು. ಮಣಿ ಬೇಕಾದರೆ ರಾಕ್ಷಸ ತಲೆ ಎತ್ತಬೇಕು, ತಲೆ ಎತ್ತಬೇಕಾದರೆ ಕುದುರೆಯ ತಾಳ ತಪ್ಪಬೇಕು. ಇದನ್ನೆಲ್ಲ ಅವನು ದೊರೆಗೆ ಹೇಳಲಿಲ್ಲ. ದೊರೆಯ ಮುಂದೆ ಮೂರು ಭರಣಿ ಇಟ್ಟು, ಇಂಥ ರಾಜ್ಯದ ಕುದುರೆ ಹೀಗೆ ಬಡಕಲಾಗಿರುವುದೇ ಎಂದು ಮರುಗಿದ.

ಮೊದಲ ಭರಣಿಯಲ್ಲಿ ಹಳದಿ ಚೂರ್ಣ, ಮೈಗೆ ಹೊಳಪು ಕೊಡುವಂಥದ್ದು. ಅದನ್ನು ಹುರುಳಿಗೆ ಬೆರೆಸಿದರು. ಕೆಲವೇ ದಿನಗಳಲ್ಲಿ ಕಂದುಗನ ಮೈ ಉಜ್ಜಿದ ತಾಮ್ರದ ಹಂಡೆಯಂತಾಯಿತು. ಊರಿನವರು ಬಂದು ಅವನ ಪಕ್ಕೆಯಲ್ಲಿ ಮುಖ ನೋಡಿಕೊಂಡು ಹೋದರು. ಹುಲ್ಲು ತಿನ್ನುವುದನ್ನು ಅವನು ಕಡಿಮೆ ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೆಯದು ಕೆಂಪು ಚೂರ್ಣ, ಕಾಲಿಗೆ ವೇಗ ಕೊಡುವಂಥದ್ದು. ಅದನ್ನು ತಿಂದ ಕಂದುಗ ಬಯಲಿನಲ್ಲಿ ಗಾಳಿಯನ್ನು ಹಿಂದೆ ಹಾಕಿದ. ದೊರೆ ಕೈ ತಟ್ಟಿ ನಕ್ಕ. ನಡೆಯುವುದಕ್ಕಾಗಿಯೇ ಸಾಕಿದ ಕುದುರೆ ಓಡಿದರೆ ಸಂತೋಷಪಡುವುದೇಕೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಮೂರನೆಯದು ಕಪ್ಪು ಚೂರ್ಣ, ಎದೆಗೆ ಕೆಚ್ಚು ಕೊಡುವಂಥದ್ದು. ಅದನ್ನು ತಿಂದ ಮೇಲೆ ಕಂದುಗ ನಿದ್ದೆ ಮಾಡಲಿಲ್ಲ. ಲಾಯದ ಕಂಬ ಕಡಿದ. ನಿಂತಲ್ಲೇ ಬೆವರಿದ. ಒಣ ಎಲೆ ಸರಿದಾಡಿದರೆ ಹಿಂಗಾಲಲ್ಲಿ ಎದ್ದು ನಿಲ್ಲುತ್ತಿದ್ದ. ಮರಿಯಾಗಿದ್ದಾಗಿನಿಂದ ತನ್ನನ್ನು ಸಾಕಿದ ಲಾಯದ ದೇಕಪ್ಪನ ಭುಜವನ್ನೇ ಕಚ್ಚಿದ. ಬಾಚಲೆ ಅವನ ಗೊರಸು ಮುಟ್ಟಿ ನೋಡಿದಳು. ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು.

ಇಷ್ಟೆಲ್ಲ ಆಗುವಾಗ ಬಾಚಲೆ ದಿನವೂ ಮೊದಲ ತುತ್ತು ತಿನ್ನುತ್ತಲೇ ಇದ್ದಳು. ಅವಳಿಗೇನೂ ಆಗಿರಲಿಲ್ಲ. ಅದೇ ವಿಚಿತ್ರವೆಂದು ತೋರಿ, ಚೂರ್ಣವನ್ನು ಯಾವಾಗ ಬೆರೆಸುತ್ತೀ ಎಂದು ದೇಕಪ್ಪನನ್ನು ಕೇಳಿದಳು.

ತಾವು ತಿಂದಾದ ಮೇಲೆ, ಎಂದ ದೇಕಪ್ಪ. ಅವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಮೊದಲ ತುತ್ತು ಇರೋದು ಮೇವಿಗೆ, ಅಮ್ಮಣ್ಣಿ. ಇದು ಮೇವಲ್ಲ, ಔಷಧಿ. ಅದರ ಲೆಕ್ಕವೇ ಬೇರೆ.”

ಇಡೀ ಮುಗಿಲಗಡಿ ಹೀಗೆಯೇ ಯೋಚಿಸಿತ್ತು. ಮೇವನ್ನು ರುಚಿ ನೋಡಬೇಕು, ಔಷಧಿಯನ್ನು ನಂಬಬೇಕು. ಎರಡೂ ಒಂದೇ ಚೀಲದಿಂದ ಒಂದೇ ಹೊಟ್ಟೆಗೆ ಹೋಗುತ್ತವೆ ಎಂಬ ಸಣ್ಣ ಸಂಗತಿ ಯಾರಿಗೂ ಅಡ್ಡ ಬಂದಿರಲಿಲ್ಲ.

ಬಾಚಲೆ ಕಂದುಗನ ಮೂತಿಗೆ ಕಟ್ಟಿದ್ದ ಹುರುಳಿ ಚೀಲಕ್ಕೆ ಕೈ ಹಾಕಿ, ಮೂರು ಚೂರ್ಣವೂ ಬೆರೆತಿದ್ದ ಒಂದು ತುತ್ತು ತೆಗೆದು ತಿಂದಳು.

ಮೊದಲು ಸೊಗಸಾಗಿತ್ತು. ಬೆಲ್ಲದಷ್ಟು ಸಿಹಿ, ಕೂದಲು ಫಳಫಳ ಹೊಳೆಯಿತು. ಆಮೇಲೆ ಕಾಲು ತಾವಾಗಿಯೇ ಕುಣಿದವು. ಲಾಯವನ್ನು ಸುತ್ತಿ ಸುತ್ತಿ ಓಡಿದಳು. ನಿಲ್ಲಬೇಕೆಂದರೂ ನಿಲ್ಲಲಾಗಲಿಲ್ಲ. ಕೊನೆಗೆ ದೇಕಪ್ಪನ ರುಮಾಲು ಕಂಡು ತಡೆಯಲಾಗದ ಸಿಟ್ಟು ಬಂತು. ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದವಳು ನೀರಿನ ಕೊಡವನ್ನು ಅವನ ತಲೆಗೆ ಗುರಿಯಿಟ್ಟು ಎಸೆದಳು. ಸಂಜೆಯ ಹೊತ್ತಿಗೆ ಚೂರ್ಣದ ಬಲ ಇಳಿದು, ಅಂಗಾಲು ಉರಿಯುತ್ತ, ಹುಲ್ಲಿನ ಮೇಲೆ ಕುಸಿದು ಕೂತಳು. ಇನ್ನೊಂದು ತುತ್ತು ಸಿಕ್ಕೀತೇ ಎಂದು ಅವಳ ಕಣ್ಣು ಚೀಲದ ಕಡೆಗೇ ಹೋಯಿತು. ಅವಳಿಗೆ ಭಯವಾದದ್ದು ಅದರಿಂದ.

“ನೀನು ದಿನಾ ಇದನ್ನೇ ಅನುಭವಿಸ್ತಿದ್ದೀಯಾ?” ಎಂದು ಕಂದುಗನನ್ನು ಕೇಳಿದಳು. ಆ ಕಾಲದಲ್ಲೂ ಕುದುರೆಗಳು ಮಾತಾಡುತ್ತಿರಲಿಲ್ಲ. ಅವನು ಉರಿಯುವ ಒಂದು ಕಾಲೆತ್ತಿ, ಇನ್ನೊಂದರ ಮೇಲೆ ಭಾರ ಹಾಕಿ ನಿಂತ.

ಬಾಚಲೆ ಸಭೆಗೆ ಹೋಗಿ ನಡೆದದ್ದನ್ನು ಹೇಳಿದಳು. ಚೂರ್ಣ ಮನುಷ್ಯರಿಗೆ ಮಾಡಿದ್ದಲ್ಲ, ಹಾಗಾಗಿ ಅವಳ ಮಾತು ಲೆಕ್ಕಕ್ಕಿಲ್ಲ ಎಂದ ಕರಂಡಕ. ಈಗ ನಿಲ್ಲಿಸಿದರೆ ಕುದುರೆ ಸತ್ತೇಹೋಗುತ್ತದೆ ಎಂದೂ ಹೆದರಿಸಿದ. ದೊರೆಗೆ ಮಗಳ ಮೇಲೆ ಪ್ರೀತಿಯಿತ್ತು, ಹೊಳಪಿನ ಮೇಲೂ ಇತ್ತು.

“ಕನ್ನಡಿ ಥರ ಹೊಳೀತಿದಾನಲ್ಲ ಮಗಳೇ, ಅದನ್ನ ಕಾಯಿಲೆ ಅಂತೀಯಲ್ಲ?”

“ಜ್ವರ ಬಂದವರ ಕಣ್ಣೂ ಹೊಳೆಯುತ್ತೆ, ಅಪ್ಪಾಜಿ. ಈ ಕಾಲಲ್ಲಿ ಅವನು ಯುಗಾದಿಗೆ ನಡೆಯೋದಿಲ್ಲ, ಓಡ್ತಾನೆ. ಆಮೇಲೆ ಕನ್ನಡಿ ನೋಡೋಕೆ ಯಾರೂ ಉಳಿದಿರೋದಿಲ್ಲ.”

ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ದೇಕಪ್ಪ ಮುಂದೆ ಬಂದು, ಅಮ್ಮಣ್ಣಿ ಹೇಳುವುದು ನಿಜ, ಕೊಡ ಬಿದ್ದಾಗಲೇ ತನಗೆ ಗೊತ್ತಾಯಿತು ಎಂದ. ದೊರೆ ಗಡ್ಡ ನೀವಿಕೊಂಡು, ಸವಾರಿ ಅವಳದು, ಮೇವಿನ ಮಾತೂ ಅವಳದೇ ಎಂದು ತೀರ್ಮಾನ ಕೊಟ್ಟ. ಹೆಜ್ಜೆ ತಪ್ಪಿದರೆ ಹೋಗುವುದು ಎಲ್ಲರ ಜೀವ ಎಂಬುದನ್ನು ಮರೆಯಬೇಡ ಎಂದೂ ಸೇರಿಸಿದ.

ಬಾಚಲೆ ಚೂರ್ಣವನ್ನು ದಿನದಿನಕ್ಕೆ ಇಷ್ಟಿಷ್ಟೇ ಇಳಿಸುತ್ತ ಬಂದು ಕೊನೆಗೆ ಪೂರ್ತಿ ಬಿಡಿಸಿದಳು. ಅದರ ಜಾಗದಲ್ಲಿ ಮಂತ್ರವೂ ಇರಲಿಲ್ಲ, ಮೂಲಿಕೆಯೂ ಇರಲಿಲ್ಲ. ಹಸಿಗರಿಕೆ, ಹಿತಮಿತವಾಗಿ ಹುರುಳಿ, ನೆಕ್ಕಲು ಒಂದು ಉಪ್ಪಿನ ಹೆಂಟೆ, ಕಾಲಿಗೆ ಹಳ್ಳದ ತಂಪು ಕೆಸರು. ಕಂದುಗ ಮೊದಮೊದಲು ಚೂರ್ಣಕ್ಕಾಗಿ ಕೆನೆದು, ಬಾಗಿಲು ಒದ್ದು, ಹುಲ್ಲನ್ನು ತುಳಿದುಹಾಕಿದ. ಆಮೇಲೆ ಒಂದು ಎಸಳು ಬಾಯಿಗೆ ತೆಗೆದುಕೊಂಡ. ಆಮೇಲೆ ಮಲಗಿದ. ಹೊಳಪು ಹೋಯಿತು, ಪಕ್ಕೆಲುಬು ಕಂಡಿತು. ರಾಜಕುಮಾರಿ ಚಿನ್ನದಂಥ ಕುದುರೆಯನ್ನು ಕತ್ತೆ ಮಾಡಿದಳೆಂದು ಊರಿನವರು ಆಡಿಕೊಂಡರು. ಅವರ ಮಾತು ಮುಗಿಯುವ ಮುನ್ನವೇ ಯುಗಾದಿ ಬಂತು.

ಬೆಳಗಿನ ಬಿಸಿಲಿನಲ್ಲಿ ಕಂದುಗ ಜಡಾಸುರನ ಕಾಲ್ಬೆರಳಿನ ಮೇಲೆ ಮೊದಲ ಹೆಜ್ಜೆ ಇಟ್ಟ. ಟಪ್, ಟಪ್, ಟಪ್, ಟಪ್. ಕರಂಡಕ ಮೊದಲೇ ಹೋಗಿ ರಾಕ್ಷಸನ ಗಲ್ಲದ ಮೇಲೆ ಕೂತು ಮಂತ್ರ ಹೇಳುತ್ತಿದ್ದ.

ಮೊಣಕಾಲಿನ ಗುಡ್ಡ ಹತ್ತುವಾಗ ಬೆಂಕಿಯ ರೆಕ್ಕೆಯ ಗಿಡುಗವೊಂದು ಆಕಾಶದಿಂದ ಎರಗಿತು. ಕಪ್ಪು ಚೂರ್ಣ ತಿಂದ ಕಂದುಗನಾಗಿದ್ದರೆ ಅಲ್ಲಿಂದಲೇ ಓಟ ಕೀಳುತ್ತಿದ್ದ. ಈ ಕಂದುಗ ಒಂದು ಕಿವಿ ತಿರುಗಿಸಿ, ನೊಣಕ್ಕೆ ಬೀಸುವಂತೆ ಬಾಲ ಬೀಸಿದ. ಅವನು ಓಡಲಿಲ್ಲ. ಬೆದರದವನನ್ನು ಬೆದರಿಸಿ ಗೊತ್ತಿಲ್ಲದ ಗಿಡುಗ, ಎರಡು ಸುತ್ತು ಹಾರಿ ಆರಿಹೋಯಿತು. ಟಪ್, ಟಪ್, ಟಪ್, ಟಪ್.

ಎದೆಯ ಬಯಲಿನಲ್ಲಿ ಹೊಗೆಯ ಹುಲಿಯೊಂದು ದಾರಿಗೆ ಅಡ್ಡ ನಿಂತಿತ್ತು. ಕಂದುಗ ಹೆದರಲಿಲ್ಲವೆಂದರೆ ಅದು ಸುಳ್ಳು. ಅವನ ಹೃದಯದ ಬಡಿತ ಬಾಚಲೆಯ ಕಾಲಿಗೆ ತಿಳಿಯುತ್ತಿತ್ತು, ಕುತ್ತಿಗೆ ಬೆವರಿತ್ತು. ಆದರೂ ಒಂದೊಂದೇ ಗೊರಸನ್ನು, ತುಂಬಿದ ಕೊಡ ಇಳಿಸುವಂತೆ, ನೆಲಕ್ಕೆ ಇಟ್ಟ. ಕೆಚ್ಚು ಎಂಬ ಹೆಸರಿನಲ್ಲಿ ಕರಂಡಕ ಭರಣಿಯಲ್ಲಿ ತುಂಬಿ ತಂದದ್ದು ಏನೋ ಇರಬಹುದು, ಆದರೆ ಕೆಚ್ಚು ಇದ್ದದ್ದು ಆ ನಡುಗುವ ಕಾಲುಗಳಲ್ಲಿ. ಅವನು ಎಡವಲಿಲ್ಲ. ಹುಲಿಯ ಬಾಯೊಳಗೆ ನಡೆದು ಬಾಲದ ಕಡೆಯಿಂದ ಹೊರಬಂದ. ಅದು ಹೊಗೆ ತಾನೇ.

ಗಲ್ಲದ ಬಳಿ ಮೃಗವಿರಲಿಲ್ಲ. ಕರಂಡಕನಿದ್ದ. ಅವನ ಕೈಯಲ್ಲಿ ಬೆಳ್ಳಿಯ ಹರಿವಾಣ, ಅದರಲ್ಲಿ ಮೂರು ಚೂರ್ಣವೂ ರಾಶಿ. ಬೆಲ್ಲದ ಪರಿಮಳ ಗಾಳಿಯಲ್ಲಿ ಬಂತು.

“ಬಾ ಮರಿ,” ಎಂದ ಕರಂಡಕ. “ಇವಳು ನಿನ್ನನ್ನ ಉಪವಾಸ ಕೆಡವಿದಾಳೆ. ಬಾ, ತಿನ್ನು.”

ಕಂದುಗ ನಿಂತ.

ತಾಳ ನಿಂತಿತು. ನೆಲದಡಿಯಲ್ಲಿ ಏನೋ ದೊಡ್ಡದು ಉಸಿರು ಹಿಡಿಯಿತು. ಮೇಲೆ, ಕಾಡಿನಂಥ ಹುಬ್ಬಿನ ಕೆಳಗೆ, ಒಂದು ರೆಪ್ಪೆ ಅದುರಿ ಕಲ್ಲುಗಳು ಉರುಳಿದವು. ದೂರದಲ್ಲಿ, ಹೊಟ್ಟೆಯ ಮೇಲಿದ್ದ ಅರಮನೆಯ ಗೋಪುರ ಓಲಾಡಿತು.

ಲಗಾಮು ಎಳೆಯಲು ಬಾಚಲೆಯ ಕೈ ಮೇಲೆದ್ದಿತು, ಅಲ್ಲೇ ನಿಂತಿತು. ಆ ಪರಿಮಳ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಬಾಯಲ್ಲೂ ನೀರೂರಿತ್ತು. ಎಳೆದರೆ ಜಗಳವಾಗುತ್ತದೆ, ಜಗಳವಾದರೆ ಎಲ್ಲವೂ ಮುಗಿಯಿತು. ಲಗಾಮನ್ನು ಕೈಬಿಟ್ಟು, ಎರಡು ಅಂಗೈಯಿಂದ ಜೀನಿನ ಮೇಲೆ ತಟ್ಟತೊಡಗಿದಳು. ಟಪ್, ಟಪ್, ಟಪ್, ಟಪ್. ಅವನದೇ ಹೆಜ್ಜೆ, ಅವನದೇ ತಾಳ. ಅಂಗೈ ಕೆಂಪಾಗಿ ಊದಿಕೊಂಡರೂ ತಟ್ಟಿದಳು. ರೆಪ್ಪೆ ಅರ್ಧಕ್ಕೆ ನಿಂತಿತು.

“ತಿನ್ನೋದಾದರೆ ತಿನ್ನು, ಬೈಯೋದಿಲ್ಲ,” ಎಂದಳು ಮೆಲ್ಲಗೆ. “ಆದರೆ ಇದು ನಿನ್ನ ಹೆಜ್ಜೆ ಕಣೋ. ಕೇಳು.”

ಕಂದುಗನ ದೊಡ್ಡ ಕಿವಿಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ತನ್ನ ನಡಿಗೆಯನ್ನು ಹೊರಗಿನಿಂದ ಅವನು ಕೇಳಿದ್ದು ಅದೇ ಮೊದಲು. ಮೂತಿಯನ್ನು ಹರಿವಾಣದ ಹತ್ತಿರ ತಂದ. ಕರಂಡಕ ಗೆದ್ದೆನೆಂದು ಬಾಯಿ ತೆರೆದು ನಕ್ಕ. ಕಂದುಗ ದೀರ್ಘವಾಗಿ ಉಸಿರೆಳೆದು, ಇಷ್ಟವಿಲ್ಲದ ಮೇವಿನ ಮುಂದೆ ಕುದುರೆಗಳು ಮಾಡುವಂತೆ, ಫುರ್ರೆಂದು ಊದಿದ.

ಮೂರು ಭರಣಿ ಚೂರ್ಣ ಕರಂಡಕನ ತೆರೆದ ಬಾಯೊಳಗೆ ಹೋಯಿತು.

ಮೊದಲು ಅವನ ಬೋಳುತಲೆ ಫಳಫಳ ಹೊಳೆಯಿತು. ಆಮೇಲೆ ಕಾಲು ಕುಣಿದವು. ಆಮೇಲೆ ತನ್ನ ನೆರಳಿನ ಮೇಲೆಯೇ ಅವನಿಗೆ ಸಿಟ್ಟು ಬಂತು. ಅದನ್ನು ಬೈಯುತ್ತ, ಅಟ್ಟುತ್ತ, ರಾಕ್ಷಸನ ಭುಜ ಇಳಿದು, ತೋಳುದ್ದಕ್ಕೂ ಓಡಿ, ಅಂಗೈಯ ಸಂತೆಯನ್ನು ಹಾದು ಮಾಯವಾದ. ಮಂತ್ರ ಹೇಳಲು ಅವನಿಗೆ ಉಸಿರೇ ಉಳಿದಿರಲಿಲ್ಲ. ಗಾಳಿಯಲ್ಲಿ ಉಳಿದಿದ್ದ ಹೊಗೆ, ಕಿಡಿಗಳೆಲ್ಲ ಆರಿದವು.

ಕಂದುಗ ಅತ್ತ ನೋಡಲೂ ಇಲ್ಲ. ಬಾಚಲೆಯ ಕೈತಾಳದೊಳಕ್ಕೆ ತನ್ನ ಹೆಜ್ಜೆಯನ್ನು ಜೋಡಿಸಿ, ಗಲ್ಲ ದಾಟಿ, ಮೂಗಿನ ದಿಬ್ಬದ ಮೇಲೆ ನಡೆದು, ಹಣೆಗೆ ಬಂದು ನಿಂತ. ಜಡಾಸುರ ತುಟಿ ಚಪ್ಪರಿಸಿ, ರೆಪ್ಪೆ ಮುಚ್ಚಿ, ಗೊರಕೆ ಹೊಡೆದ. ಬಾಚಲೆ ಇಳಿದು, ಊದಿದ ಕೈಗಳಿಂದ ಕುದುರೆಯ ಕುತ್ತಿಗೆ ತಬ್ಬಿದಳು.

ಕರಂಡಕ ಚೂರ್ಣದ ಬಲ ಇಳಿಯುವವರೆಗೂ ಓಡಿ, ಕೊನೆಗೆ ಕುಂಟುತ್ತ ಲಾಯದ ಬಾಗಿಲಿಗೇ ಬಂದು ಬಿದ್ದ. ಬಾಚಲೆ ಅವನ ಕಾಲಿಗೂ ಕೆಸರು ಮೆತ್ತಿಸಿದಳು. ಮಂತ್ರಗಳೆಲ್ಲ ಬೆವರಿನ ಜೊತೆ ಹೋಗಿದ್ದವು. ದೇಕಪ್ಪ ಅವನಿಗೆ ಲದ್ದಿ ಬಾಚುವ ಕೆಲಸ ಕೊಟ್ಟ, ಅವನು ಅದನ್ನು ಚೆನ್ನಾಗಿಯೇ ಮಾಡಿದ. ಔಷಧಿಗೂ ಮೊದಲ ತುತ್ತು ಅನ್ವಯಿಸುತ್ತದೆ ಎಂದು ದೊರೆ ಡಂಗುರ ಸಾರಿಸಿದ. ಮರುದಿನ ಬೆಳಿಗ್ಗೆಯೇ ಅರಮನೆಯ ವೈದ್ಯರು ತಮ್ಮ ಭರಣಿಗಳಲ್ಲಿ ಅರ್ಧದಷ್ಟನ್ನು ಹಳ್ಳಕ್ಕೆ ಸುರಿದರು.

ಮುಂದೆ ಬಾಚಲೆ ರಾಣಿಯಾದಳು. ಊರಿಗೆ ಬೇರಾವ ಕಷ್ಟವೂ ಬರಲಿಲ್ಲ. ಕಂದುಗ ಮುದುಕನಾಗುವವರೆಗೂ ಪ್ರತಿ ಯುಗಾದಿಗೂ ನಡೆದ. ಹೊಳಪು ಮಾತ್ರ ಮರಳಿ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಅವನು ಬೀದಿಯಲ್ಲಿ ಹೋದರೆ ಒನಕೆಗಳು ಅವನ ಹೆಜ್ಜೆಗೆ ಸರಿಯಾಗಿ ಇಳಿಯುತ್ತಿದ್ದವು. ಜಡಾಸುರ ಇಂದಿಗೂ ಎದ್ದಿಲ್ಲ. ಎದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತು.